ಮೇಲಿನ ದನಿ

ಟಸ್ಕಂಬಿಯಾ, ಅಲಬಾಮಾ
ಮಾರ್ಚ್ ೧೨, ೨೦೧೯

ಪ್ರೀತಿಯ ಮಗಳು ಟ್ವೈಲಾಗೆ,

ನಿನ್ನ ಕ್ರಿಸ್‌ಮಸ್ ಕಾರ್ಡು ಬಂದು ಎರಡೂವರೆ ತಿಂಗಳಾಯಿತು. ಉತ್ತರ ಬರೆಯಲು ಇಷ್ಟು ದಿನ ಮಾಡಿದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕಾರ್ಡಿನಲ್ಲಿ ನಿನ್ನ ಹೆಸರೊಂದನ್ನು ಬಿಟ್ಟು ಬೇರೇನೂ ಬರೆದಿರಲಿಲ್ಲ. ಆದರೂ ಬಂತಲ್ಲ ಎಂದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿಕೊಂಡಿದ್ದೇನೆ. ನಾನು ಚೆನ್ನಾಗಿದ್ದೇನೆ. ಎಡಮಂಡಿ ಮಾತ್ರ ಹೇಳಿದ ಮಾತು ಕೇಳುವುದಿಲ್ಲ. ಚಾಟನೂಗಾದಲ್ಲಿ ಮಂಜು ಬಿದ್ದಿದೆಯೆಂದು ಟೀವಿಯಲ್ಲಿ ಹೇಳಿದ ದಿನ, ಆ ಇಳಿಜಾರಿನ ರಸ್ತೆಯಲ್ಲಿ ನೀನು ಶಾಲೆಯ ಬಸ್ಸು ಹೇಗೆ ಓಡಿಸಿದೆಯೋ ಎಂದು ಯೋಚನೆಯಾಯಿತು.

ಪತ್ರಕ್ಕೆ ಒಂದೇ ವಿಷಯ ಇರಬೇಕು ಎಂದು ಕಾಲೇಜಿನಲ್ಲಿ ಇಂಗ್ಲಿಷ್ ಪಾಠ ಹೇಳುತ್ತಿದ್ದ ಮಿಸ್ ಪೆಟಸ್ ಹೇಳುತ್ತಿದ್ದರು. ವಿಷಯ ಬಿಟ್ಟು ಅಲೆಯುವುದಕ್ಕೆ ಆಕೆ ಒಂದು ದೊಡ್ಡ ಪದ ಬಳಸುತ್ತಿದ್ದರು. ನನ್ನ ಪ್ರತಿ ಪ್ರಬಂಧದ ಅಂಚಿನಲ್ಲೂ ಅದನ್ನು ಕೆಂಪು ಶಾಯಿಯಲ್ಲಿ ಬರೆಯುತ್ತಿದ್ದರು. ಎರಡು ವರ್ಷ ಓದಿ ಕಾಲೇಜು ಬಿಟ್ಟೆನಲ್ಲ, ಪದ ಮರೆತಿದೆ, ಶಾಯಿ ನೆನಪಿದೆ. ಅದಿರಲಿ. ವಿಷಯ ಇಷ್ಟೇ: ಎಪ್ಪತ್ಮೂರನೆಯ ವಯಸ್ಸಿನಲ್ಲಿ ನನ್ನೊಬ್ಬನ ಹೆಸರಿನಲ್ಲಿ ಒಂದು ರೆಕಾರ್ಡು ಬರುತ್ತಿದೆ. ಅದರ ಕವರಿನ ಮೇಲೆ ನಿನ್ನ ಅಮ್ಮನ ಹೆಸರನ್ನು ಹೇಗೆ ಹಾಕಬೇಕೆಂದು ನಿನ್ನನ್ನು ಕೇಳಬೇಕಾಗಿದೆ.

ಐವತ್ತು ವರ್ಷ ಬೇರೆಯವರಿಗೆ ಹಾಡು ಬರೆದುಕೊಟ್ಟೆ. ಹೀಗೆ ಹಾಡಿ ಎಂದು ತೋರಿಸಲು ಮಾದರಿ ಟೇಪುಗಳಲ್ಲಿ ಹಾಡಿದೆ. ಅವರು ಹಾಡುವಾಗ ಹಿಂದೆ ನಿಂತು ಊ ಊ ಎಂದೆ. ಈಗ ಕಾರಿನ್ ಎಂಬ ಹುಡುಗಿ, ಹುಡುಗಿ ಎಂದರೆ ನಲವತ್ತು ದಾಟಿದವಳೇ, ಪಕ್ಕದ ಶೆಫೀಲ್ಡಿನ ನದಿದಂಡೆಯಲ್ಲಿ ಹಳೆಯ ಟೈರಂಗಡಿಯನ್ನು ಸ್ಟುಡಿಯೋ ಮಾಡಿಕೊಂಡಿದ್ದಾಳೆ. ಅವಳೇ ಮನೆಗೆ ಬಂದು, "ಮಿಸ್ಟರ್ ಹರ್ಶೆಲ್, ನಿಮ್ಮ ಹಾಡುಗಳನ್ನ ನಿಮ್ಮ ಬಾಯಲ್ಲೇ ಕೇಳ್ಬೇಕು ನಂಗೆ" ಎಂದು ಕೂತಳು. ಬೇಸ್ ಗಿಟಾರಿಗೆ ಒಡೆಲ್‌ನೇ ಬೇಕೆಂದು ನಾನು ಹಟ ಹಿಡಿದೆ. ಒಡೆಲ್ ಮಾವ ನಿನಗೆ ಗೊತ್ತಲ್ಲ, ಬಾಯಿಗೆ ಬೀಗವಿಲ್ಲ. ಮೊದಲ ದಿನವೇ ಶುರು ಮಾಡಿದ:

"ಲೇ ಮುದುಕಾ, ಇದನ್ನ ಅಂಗಡೀಲಿ ಎಲ್ಲಿ ಇಡ್ತಾರೋ? ನಿಮ್ಮ ಬಿಳಿಯರ ಸಾಲಲ್ಲಿ ಇಟ್ರೆ ಇದು ನಮ್ಮ ಚರ್ಚಿನ ಹಾಡಿನ ಥರ ಇದೆ ಅಂತಾರೆ. ನಮ್ಮ ಕರಿಯರ ಸಾಲಲ್ಲಿ ಇಟ್ರೆ, ಈ ಹಳ್ಳಿ ಬಿಳಿಯ ಇಲ್ಲಿಗೆ ಯಾಕೆ ಬಂದ ಅಂತಾರೆ."

"ಐವತ್ತು ವರ್ಷದಿಂದ ಇಬ್ಬರೂ ಬಾಗಿಲ ಹೊರಗೇ ನಿಂತಿದೀವಲ್ಲ, ಇನ್ನೊಂದ್ ಸ್ವಲ್ಪ ದಿನ ನಿಲ್ಲೋಣ ಬಿಡು" ಎಂದೆ.

ಎರಡು ದಿನದಲ್ಲಿ ಆರು ಹಾಡು ಮುಗಿಯಿತು. ಮೂರನೆಯ ದಿನ 'ಗೇಟಿಗೆ ಚಿಲಕ ಹಾಕಿಲ್ಲ' ಹಾಡಿಗೆ ಬಂದೆವು. ೧೯೭೨ರಲ್ಲಿ ಬೇರೊಬ್ಬರ ದನಿಯಲ್ಲಿ ದೇಶವೆಲ್ಲ ಕೇಳಿದ ಹಾಡು, ನಮ್ಮ ಮನೆಯ ಚಾವಣಿ ಹೊದಿಸಿದ ಹಾಡು. ಎರಡು ಸಾಲು ಹಾಡಿದ್ದೆ, ಒಡೆಲ್ ಬಾರಿಸುವುದನ್ನು ನಿಲ್ಲಿಸಿದ.

"ಹಾಡು ಯಾವಾಗ ಶುರು ಮಾಡ್ತೀಯಪ್ಪಾ?"

"ಹಾಡ್ತಾ ಇದೀನಲ್ಲೋ."

"ನೀನು ಹಾಡ್ತಿರೋದು ಕೆಳಗಿನ ದನಿ ಕಣೋ. ಮೇಲಿನದು ಎಲ್ಲಿ?"

ನನಗೆ ಅರ್ಥವೇ ಆಗಲಿಲ್ಲ. ಕಾರಿನ್ ಆ ಹಳೆಯ ರೆಕಾರ್ಡು ಹಾಕಿ ಕೇಳಿಸಿದಳು. ಹೌದು, ರಾಗ ಎಲ್ಲೋ ಮೇಲೆ ಹೋಗುತ್ತಿದೆ. ನಾನು ಹಾಡಿದ್ದು ಅದಕ್ಕೆ ಆಸರೆಯಾಗಿ ಕೆಳಗೆ ನಡೆಯುವ ಜೊತೆದನಿ. ಮತ್ತೆ ಪ್ರಯತ್ನಿಸಿದೆ. ಮೊದಲ ಸಾಲು ಸರಿಯಾಗಿ ಹಿಡಿಯುತ್ತೇನೆ, ಎರಡನೆಯ ಸಾಲಿಗೆ ಬರುವಷ್ಟರಲ್ಲಿ ಕಾಲು ತಾನಾಗಿ ಹಳೇ ದಾರಿಗೆ ಇಳಿದುಬಿಡುತ್ತದೆ. ಏಳು ಸಲ ಹಾಡಿದೆ ಮಗಳೇ, ಏಳು ಸಲವೂ ಹಾಗೇ.

ನಮ್ಮ ಚರ್ಚಿನಲ್ಲಿ ಮೇಲಿನ ದನಿ, ಕೆಳಗಿನ ದನಿ ಎಂದು ಸೇರಿ ಹಾಡುವಾಗ ದನಿಗೊಂದು ಬೆಂಚು. ಒಮ್ಮೆ ಒಂದು ಬೆಂಚಿನಲ್ಲಿ ಕೂತವನು ಸಾಯುವವರೆಗೂ ಅಲ್ಲೇ ಕೂರುತ್ತಾನೆ, ತನ್ನ ದನಿ ಬಿಟ್ಟು ಇನ್ನೊಂದನ್ನು ಹಾಡುವುದಿಲ್ಲ. ಮನೆಯಲ್ಲೂ ಅದೇ ಆಯಿತು. ನಿನ್ನ ಅಮ್ಮ ಓಲೀನ್ ಪಾತ್ರೆ ತೊಳೆಯುವಾಗ ಆ ಹಾಡು ಎತ್ತುತ್ತಿದ್ದಳು, ನಾನು ಒರೆಸುತ್ತಾ ಕೆಳಗಿನಿಂದ ಸೇರಿಕೊಳ್ಳುತ್ತಿದ್ದೆ. ನಲವತ್ತನಾಲ್ಕು ವರ್ಷ. ಬೇರೆಯವರ ಮುಂದೆ ಆ ಹಾಡನ್ನು ಒಬ್ಬನೇ ಹಾಡುವ ಪ್ರಸಂಗ ನನಗೆ ಒಮ್ಮೆಯೂ ಬಂದಿರಲಿಲ್ಲ.

"ನೀವೇ ಮಾಡಿದ ಹಾಡಲ್ವಾ, ಮಿಸ್ಟರ್ ಹರ್ಶೆಲ್?" ಎಂದಳು ಕಾರಿನ್. ಆಡಿಕೊಳ್ಳಲು ಅಲ್ಲ, ನಿಜವಾಗಿಯೂ ಆಶ್ಚರ್ಯಪಟ್ಟು.

ಒಡೆಲ್ ತಂತಿ ಬಿಗಿ ಮಾಡುವವನಂತೆ ತಲೆ ಬಗ್ಗಿಸಿಕೊಂಡೇ ಹೇಳಿದ: "ಆವತ್ತು ಮಾದರಿ ಟೇಪಲ್ಲಿ ಮೇಲೆ ಹಾಡಿದ್ದು ಓಲೀನಮ್ಮ. ನಾನಿದ್ದೆ ಅಲ್ಲಿ. ರಾಗಾನೂ ಆಯಮ್ಮಂದೇ ಅಂತ ಆವತ್ತೇ ಗೊತ್ತಾಗಿತ್ತು ನಂಗೆ."

"ಇಷ್ಟು ವರ್ಷ ಹೇಳ್ಲಿಲ್ವಲ್ಲೋ?" ಎಂದೆ.

"ಯಾರೂ ಕೇಳ್ಲಿಲ್ವಲ್ಲ."

ಮಧ್ಯಾಹ್ನ ಮೆಕ್ಕೆಜೋಳದ ರೊಟ್ಟಿ, ಬೀನ್ಸು ತಿನ್ನುತ್ತಿದ್ದಾಗ ಕಾರಿನ್ ಕವರಿನ ಕಾಗದ ತಂದು ಮುಂದಿಟ್ಟಳು. ತಿಂಗಳ ಕೊನೆಗೆ ಅಚ್ಚಿಗೆ ಹೋಗಬೇಕು. "ಈ ಹಾಡಿಗೆ ಮಾತು, ರಾಗ ಎರಡಕ್ಕೂ ನಿಮ್ಮ ಹೆಸರೇ ಇದೆ. ಹಾಗೇ ಇರ್ಲಾ?" ಎಂದಳು. "ಬೇಡ. ಮಗಳಿಗೆ ಒಂದು ಕಾಗದ ಬರೀಬೇಕು, ತಡಿ" ಎಂದೆ.

ನಿನಗೆ ನೆನಪಿರಲಾರದು, ಆಗ ನಿನಗೆ ನಾಲ್ಕು ವರ್ಷ. ಆ ಹಾಡಿನ ಮಾತುಗಳನ್ನು ಬರೆದಿಟ್ಟು ಎಂಟು ತಿಂಗಳಾಗಿತ್ತು, ರಾಗ ಮಾತ್ರ ಕೂಡಿಬರುತ್ತಿರಲಿಲ್ಲ. ಒಂದು ದಿನ ಅಲ್ಯೂಮಿನಿಯಂ ಕಾರ್ಖಾನೆಯಿಂದ ಬಂದರೆ, ಕಿವಿನೋವಿನಿಂದ ಅಳುತ್ತಿದ್ದ ನಿನ್ನನ್ನು ಹೆಗಲಿಗೆ ಹಾಕಿಕೊಂಡು ಅಮ್ಮ ನನ್ನ ಮಾತುಗಳನ್ನೇ ಹಾಡುತ್ತಾ ಓಡಾಡುತ್ತಿದ್ದಳು. "ಈ ರಾಗ ಎಲ್ಲಿ ಸಿಕ್ತೇ?" ಎಂದೆ. "ನಿನ್ನ ಮಗಳು ಮಲಗ್ತಿರ್ಲಿಲ್ಲ, ಏನ್ ಮಾಡ್ಲಿ" ಎಂದಳು. ಆ ಹಾಡು ಹುಟ್ಟಿದ್ದು ಅಷ್ಟೇ ಹೊತ್ತಿನಲ್ಲಿ.

ಎರಡೂವರೆ ವರ್ಷದ ಹಿಂದೆ ಅವಳನ್ನು ಮಣ್ಣು ಮಾಡಿದ ದಿನ ಪಾದ್ರಿಗಳು, "ಈಗ ಈಕೆಯ ಪತಿ ರಚಿಸಿದ ಹಾಡು" ಎಂದರು. ನೀನು ಎದ್ದು ಹೊರಗೆ ಹೋಗಿ ಕಾರಿನಲ್ಲಿ ಕೂತೆ. ಮಗಳಿಗೆ ತಲೆನೋವು ಎಂದು ಜನರಿಗೆ ನಾನೇ ಹೇಳಿದೆ. "ರಾಗ ಅಮ್ಮಂದು ಅಂತ ಇವತ್ತಾದ್ರೂ ಹೇಳ್ಬಹುದಿತ್ತಲ್ಲ ಅಪ್ಪ" ಎಂದೆ ನೀನು. ಯಾವಾಗಲೂ ಹೇಳುವುದನ್ನೇ ನಾನು ಆಗಲೂ ಹೇಳಿದೆ: ನಿನ್ನ ಅಮ್ಮನೇ ಬೇಡ ಎಂದಳು. ಅದು ಸುಳ್ಳಲ್ಲ. ಆ ಕಾಲದಲ್ಲಿ, ಹಾಡು ರೆಕಾರ್ಡಿಗೆ ಹೋಗುವಾಗ, ಅದು ಯಾರದೆಂದು ತುಂಬಿ ಕಳಿಸುವ ಫಾರಂ ಬಂದಿತ್ತು. ಅವಳು ಬೆಂಡೆಕಾಯಿ ಕರಿಯುತ್ತಿದ್ದಳು. "ಓಲೀನ್, ರಾಗದ ಜಾಗದಲ್ಲಿ ನಿನ್ನ ಹೆಸರು ಹಾಕ್ಲಾ?" ಎಂದು ಕೇಳಿದೆ. "ಅಯ್ಯೋ ಬಿಡು ಹರ್ಶೆಲ್, ಯಾರದಾದ್ರೇನು, ಒಂದೇ ಮನೆ ತಾನೇ" ಎಂದಳು. ಅಷ್ಟೂ ಅವಳದೇ ಮಾತು.

ಈಗ ಕವರಿನ ಮೇಲೆ ರಾಗ ಅವಳದೆಂದು ಹಾಕಿಸುತ್ತೇನೆ. ಹಳೆಯ ದಾಖಲೆಯನ್ನೂ ತಿದ್ದಬೇಕೆಂದು ಆ ಫಾರಂ ಕಳಿಸಿದ್ದ ಕಚೇರಿಗೆ ಕಾಗದ ಬರೆದಿದ್ದೇನೆ. ಆದರೆ ಯಾವ ಹೆಸರು? ಓಲೀನ್ ಟಿಡ್‌ಮೋರ್ ಎಂದರೆ ಮತ್ತೆ ನನ್ನ ಮನೆತನದ ಬಾಲವೇ ಅಂಟಿಕೊಂಡಂತೆ. ಅವಳ ಹಾಡಿನ ಪುಸ್ತಕದ ಮೊದಲ ಪುಟದಲ್ಲಿ ಮದುವೆಗೆ ಮುಂಚಿನ ಹೆಸರಿದೆ, ಓಲೀನ್ ಹಾರ್ಗೆಟ್ ಎಂದು. ಯಾವುದು ಸರಿ ಎಂದು ನೀನು ಹೇಳು, ಅದನ್ನೇ ಅಚ್ಚು ಹಾಕಿಸುತ್ತೇನೆ.

ಇನ್ನೊಂದು ಕೋರಿಕೆ. ಮೇಲಿನ ದನಿಗೆ ನ್ಯಾಶ್‌ವಿಲ್‌ನಿಂದ ಒಬ್ಬ ಹುಡುಗಿಯನ್ನು ಕರೆಸುತ್ತೇನೆಂದು ಕಾರಿನ್ ಹೇಳಿದಳು. ಬೇಡ ಎಂದೆ. ಅದು ನಿನಗೆ ಬರುತ್ತದೆಂದು ನನಗೆ ಗೊತ್ತು, ಕಿವಿನೋವಿನಲ್ಲಿ ಮೊದಲು ಕೇಳಿದವಳು ನೀನೇ. ಇಪ್ಪತ್ತೆಂಟನೆಯ ತಾರೀಖಿನವರೆಗೆ ಸ್ಟುಡಿಯೋ ನಮ್ಮದು. ಬಂದರೆ ಸಂತೋಷ. ಬರಲಾಗದಿದ್ದರೆ ನನ್ನ ಕೆಳಗಿನ ದನಿಯೊಂದೇ ಹಾಗೇ ಹೋಗಲಿ. ಕೇಳುವವರಿಗೆ ಏನೋ ಕಡಿಮೆ ಎನ್ನಿಸುತ್ತದೆ, ಎನ್ನಿಸಲಿ.

ದೇವರು ನಿನ್ನನ್ನೂ, ನಿನ್ನ ಬಸ್ಸನ್ನೂ, ಅದರಲ್ಲಿ ಗಲಾಟೆ ಮಾಡುವ ಮಕ್ಕಳನ್ನೂ ಕಾಯಲಿ. ಹೊಟ್ಟೆ ತುಂಬ ಊಟ ಮಾಡು.

ನಿನ್ನ ಅಪ್ಪ,
ಹರ್ಶೆಲ್

ತಾ.ಕ.: ಲಕೋಟೆ ಅಂಟಿಸಿದವನು ಮತ್ತೆ ಬಿಚ್ಚಿದೆ. ಅಮ್ಮ ಬೇಡ ಎಂದದ್ದು ನಿಜ, ಆದರೆ ನಾನು ಕೇಳಿದ್ದು ಸಂಜೆ. ಎರಡೂ ಜಾಗಕ್ಕೆ ನನ್ನ ಹೆಸರನ್ನೇ ಬರೆದು, ಆ ಫಾರಂ ಅನ್ನು ಅವತ್ತು ಬೆಳಿಗ್ಗೆಯೇ ಕಾರ್ಖಾನೆಗೆ ಹೋಗುವ ದಾರಿಯಲ್ಲಿ ಅಂಚೆಗೆ ಹಾಕಿಬಿಟ್ಟಿದ್ದೆ. ಇದನ್ನು ಯಾರಿಗೂ ಹೇಳಿಲ್ಲ. ಮರುದಿನ ಬೆಳಿಗ್ಗೆ ಆರು ಗಂಟೆಗೆ ಅವಳು ಕಾಫಿ ಬಗ್ಗಿಸುತ್ತಾ, "ಹರ್ಶೆಲ್, ಆ ಕಾಗದ ಇನ್ನೂ ಮನೇಲೇ ಇದೆಯಾ?" ಎಂದು ಕೇಳಿದಳು. ರಾತ್ರಿಯೆಲ್ಲ ಯೋಚನೆ ಮಾಡಿದ್ದಳೆಂದು ಮುಖ ನೋಡಿದರೇ ತಿಳಿಯುತ್ತಿತ್ತು. "ಇಲ್ಲ, ಕಳಿಸಿ ಆಯ್ತು" ಎಂದೆ. ಹಿಂದಿನ ಸಂಜೆಯಿಂದ ನಾನು ಮನೆ ಬಿಟ್ಟು ಹೊರಗೆ ಹೋಗಿರಲಿಲ್ಲ. ಅವಳು ಗೋಡೆಯ ಗಡಿಯಾರ ನೋಡಿದಳು, ಆಮೇಲೆ ನನ್ನನ್ನು ನೋಡಿದಳು. ಕೇಳುವ ಮುಂಚೆಯೇ ಕಳಿಸಿದ್ದೆನೆಂದು ಅವಳಿಗೆ ಆಗಲೇ ಗೊತ್ತಾಯಿತು. "ಸರಿ" ಎಂದು ನನ್ನ ಲೋಟ ತುಂಬಿಸಿದಳು.