ಕೋಟು ಸಾಹೇಬರ ರಿಮೋಟು

ಏಪ್ರಿಲ್ 7, ಸೋಮವಾರ

ಇವತ್ತೂ ಸ್ವೆಟರ್ ಮರೆತೆ. ಹೊರಗೆ ಬಿಸಿಲು ನೆತ್ತಿ ಸುಡುತ್ತಿದೆ, ಆಫೀಸಿನೊಳಗೆ ಹಲ್ಲು ಕಟಕಟ. ಎ.ಸಿ. ಹದಿನೆಂಟಕ್ಕಿದೆ. ಯಾಕೆಂದರೆ ನಮ್ಮ ಸಾಹೇಬರಿಗೆ ಕೋಟು ಹಾಕುವ ಚಟ. ಬೇಸಿಗೆಯಲ್ಲೂ ಕೋಟು, ಟೈ. ಒಬ್ಬರ ಕೋಟಿಗಾಗಿ ಇಡೀ ಹಾಲ್ ನಡುಗಬೇಕು. ಅಕೌಂಟ್ಸ್ ಅಕ್ಕ ಟೇಬಲ್ ಕೆಳಗೆ ಹೀಟರ್ ಇಟ್ಟುಕೊಂಡಿದ್ದಾಳೆ! ತಲೆಗೆ ಎ.ಸಿ., ಕಾಲಿಗೆ ಹೀಟರ್. ಎರಡೂ ಒಂದೇ ಬೋರ್ಡಿಗೆ ಚುಚ್ಚಿಕೊಂಡಿವೆ.

ಎದುರು ಗೋಡೆಯಲ್ಲಿ ಪೋಸ್ಟರ್ — "ಭೂಮಿಯ ತಾಪ ಇಳಿಸೋಣ." ಹೋದ ವಾರ ಸಾಹೇಬರೇ ಅಂಟಿಸಿ, ಪಕ್ಕದಲ್ಲಿ ನಿಂತು ಫೋಟೋ ತೆಗೆಸಿಕೊಂಡರು. ಕೆಳಗೆ ಅವರದೇ ಸಹಿ. ಮೂರನೆಯ ಸಾಲು: ಎ.ಸಿ. ಇಪ್ಪತ್ತಾರಕ್ಕಿಂತ ಕೆಳಗೆ ಇಳಿಸಬೇಡಿ. ಜೋರಾಗಿ ನಗಬೇಕೆನ್ನಿಸಿತು. ಅಷ್ಟರಲ್ಲಿ ಸೀನು ಬಂತು.

ಏಪ್ರಿಲ್ 8, ಮಂಗಳವಾರ

ಹಳೆಯ ಫೈಲ್ ಹುಡುಕಿಕೊಂಡು ಹಿಂದಿನ ಪ್ಯಾಸೇಜಿಗೆ ಹೋದೆ. ಅಬ್ಬಾ! ಬಾಗಿಲು ತೆಗೆದ ಕೂಡಲೇ ಮುಖಕ್ಕೆ ಒಲೆಯ ಝಳ. ನಮ್ಮ ಎ.ಸಿ.ಗಳ ಹೊರಗಿನ ಪೆಟ್ಟಿಗೆಗಳೆಲ್ಲ ಅಲ್ಲೇ ಸಾಲಾಗಿವೆ. ಹಾಲ್ ಒಳಗಿನ ಬಿಸಿಯನ್ನೆಲ್ಲ ಅಲ್ಲಿಗೆ ಉಗುಳುತ್ತಿವೆ. ಎದುರಿಗೆ ಸ್ಟೂಲಿನ ಮೇಲೆ ಅಟೆಂಡರ್ ಅಣ್ಣ. ಅಂಗಿ ಬೆನ್ನಿಗೆ ಅಂಟಿದೆ.

"ಒಳಗೆ ಬಂದು ಕೂತ್ಕೋಬಾರ್ದಾ ಅಣ್ಣಾ?"

"ಬೆಲ್ ಆದಾಗ ಮಾತ್ರ ಒಳಗೆ ಬಾ ಅಂದಿದ್ದಾರಲ್ಲ ಮೇಡಂ. ನಿಮಗೆ ತಂಪು ಜಾಸ್ತಿ ಆದಷ್ಟೂ ನಾನು ಬೇಯೋದು ಜಾಸ್ತಿ. ನಾಳೆಯಿಂದ ಅಕ್ಕಿ ತಂದು ಇಲ್ಲೇ ಇಡ್ತೀನಿ, ಮನೇಲಿ ಗ್ಯಾಸ್ ಉಳಿಯುತ್ತೆ."

ಅಣ್ಣ ನಕ್ಕ. ನನಗೆ ನಗು ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು... ಸಿಟ್ಟಿಗೆ.

ಏಪ್ರಿಲ್ 10, ಗುರುವಾರ

ಎತ್ತಿಬಿಟ್ಟೆ. ರಿಮೋಟ್!

ಸಾಹೇಬರು ಫೋನಿನಲ್ಲಿ ಮಾತಾಡುತ್ತಾ ಬಂದು ನನ್ನ ಟಪಾಲು ಟೇಬಲ್ ಮೇಲೆ ಇಟ್ಟು ಮರೆತರು. ಎಲ್ಲ ಎ.ಸಿ.ಗೂ ಅದೊಂದೇ. ಇಪ್ಪತ್ತಾರಕ್ಕೆ ಒತ್ತಿದೆ. ಊಟದ ಬ್ಯಾಗಿಗೆ ಹಾಕಿದೆ. ನನಗೇ ಆಶ್ಚರ್ಯ.

ಸಂಜೆ ಮನೆಯಲ್ಲಿ ಅತ್ತೆ: "ಇದ್ಯಾವ ರಿಮೋಟೇ? ಎಷ್ಟು ಒತ್ತಿದ್ರೂ ಟಿವಿ ಹತ್ತಲ್ಲ!" ಎಲ್ಲ ಹೇಳಿಬಿಟ್ಟೆ. ಇನ್ನೇನು ಬೈಗುಳ ಶುರು ಎಂದುಕೊಂಡೆ. "ಬ್ಯಾಗಲ್ಲಿ ಇಟ್ಕೊಂಡು ಓಡಾಡ್ತಾರೇನೇ, ಪೆದ್ದಿ" ಎಂದು ತಮ್ಮ ದಿಂಬಿನ ಕವರಿನೊಳಗೆ ತುರುಕಿಕೊಂಡರು.

ಏಪ್ರಿಲ್ 15, ಮಂಗಳವಾರ

ಬರೆಯಲು ಪುರುಸೊತ್ತಿಲ್ಲ, ಅಷ್ಟು ಸುಖ. ಬೆಳಗ್ಗೆ ಗೋಡೆಯ ಸ್ವಿಚ್ ಹಾಕಿದರೆ ತಾನಾಗಿ ಇಪ್ಪತ್ತಾರಕ್ಕೇ ಶುರು. ಸ್ವೆಟರುಗಳೆಲ್ಲ ಕುರ್ಚಿಯ ಬೆನ್ನಿಗೆ. ಅಕ್ಕನ ಹೀಟರ್ ಬಂದ್. ಸಾಹೇಬರೊಬ್ಬರೇ ಬೆವರಿ ತೊಪ್ಪೆ. ಕೋಟು ತೆಗೆಯಬಹುದಲ್ಲ? ಊಹೂಂ. ದಿನಾ ಎಲ್ಲರ ಡ್ರಾಯರ್ ಜಾಲಾಡುತ್ತಾರೆ.

"ಹಿಂದ್ಗಡೆ ಈಗ ಕೂರೋಕಾಗುತ್ತೆ ಮೇಡಂ" ಎಂದ ಅಣ್ಣ. "ಮಷೀನಿಗೆ ಏನೋ ಆಗಿದೆ, ಪಾಪ. ಮೆತ್ತಗಾಗಿದೆ." ಹೇಳಿಬಿಡೋಣ ಎನ್ನಿಸಿತು. ತುಟಿ ಕಚ್ಚಿಕೊಂಡೆ.

ಏಪ್ರಿಲ್ 16, ಬುಧವಾರ

ಸಿಟ್ಟು ಇನ್ನೂ ಇಳಿದಿಲ್ಲ. ಆದರೂ ಬರೆಯುತ್ತೇನೆ.

ಸಾಹೇಬರು ಅಣ್ಣನನ್ನು ಹಾಲ್ ನಡುವೆ ನಿಲ್ಲಿಸಿದರು. "ಸಂಜೆ ಟೇಬಲ್ ಒರೆಸೋನು ನೀನೇ. ಸೆಕೆ ಸೆಕೆ ಅಂತ ಗೊಣಗ್ತಿದ್ದೋನೂ ನೀನೇ. ರಿಮೋಟ್ ತಗೊಂಡು ಬಾ, ಇಲ್ಲಾಂದ್ರೆ ನಾಳೆಯಿಂದ ಬರಬೇಡ." ಅಣ್ಣ ಜೇಬೆರಡನ್ನೂ ಹೊರಗೆಳೆದು ತೋರಿಸಿದ. ನಿವೃತ್ತಿ ಹತ್ತಿರ ಬಂದಿದೆ. ಮಗಳ ಓದು ಇನ್ನೂ ಮುಗಿದಿಲ್ಲ.

ಎದ್ದು ನಿಂತೆ. "ಅವರಲ್ಲ ಸರ್. ನಾನು."

"ಏನು?... ಕೊಡಿ ಇಲ್ಲಿ!"

"ಇಲ್ಲಿಲ್ಲ. ನಮ್ಮತ್ತೆ ದಿಂಬಿನೊಳಗಿದೆ."

ಯಾರೋ ಕಿಸಕ್ಕೆಂದರು.

"ತಮಾಷೆನೇನ್ರೀ? ಕಳ್ಳತನ ಇದು!"

"ಪೋಸ್ಟರ್ ಓದಿ ಸರ್. ಮೂರನೇ ಸಾಲು. ಸಹಿ ನಿಮ್ದೇ. ನೀವು ಹೇಳಿದ್ದನ್ನ ಮಾಡಿದೋಳು ಈ ಆಫೀಸಲ್ಲಿ ನಾನೊಬ್ಳೇ."

"ಅದು ಜನರಿಗೆ ಅಂತ ಹಾಕಿದ್ದು ರೀ!"

"ನಾವು ಜನ ಅಲ್ವಾ ಸರ್?"

ಅದಕ್ಕೆ ಉತ್ತರವಾಗಿ ಶಿಕ್ಷೆ ಬಂತು. ನಾಳೆಯಿಂದ ನನ್ನ ಟೇಬಲ್ ಹಿಂದಿನ ಪ್ಯಾಸೇಜಿಗೆ. ಕ್ಷಮೆ ಕೇಳಿ ಬರೆದುಕೊಡುವವರೆಗೂ ಅಲ್ಲೇ. ಅಣ್ಣನ ಕೆಲಸ ಉಳಿಯಿತು, ಅದು ಸಾಕು. ಆದರೆ ಯಾರೊಬ್ಬರೂ ತುಟಿ ಪಿಟಕ್ಕೆನ್ನಲಿಲ್ಲ. ಅಷ್ಟು ದಿನ ಹಾಯಾಗಿದ್ದ ಅಕೌಂಟ್ಸ್ ಅಕ್ಕ ಕೂಡ ಕಂಪ್ಯೂಟರಿನಲ್ಲಿ ಮುಖ ಹುದುಗಿಸಿಕೊಂಡಳು. ತುಂಬಾ ನೋವಾಯಿತು.

ಕ್ಷಮೆ ಮಾತ್ರ ಕೇಳುವುದಿಲ್ಲ.

ಏಪ್ರಿಲ್ 21, ಸೋಮವಾರ

ಹಳೆಯದನ್ನು ಅತ್ತೆ ದಿಂಬಿನಿಂದ ಹೊರಗೆ ಬಿಡಲಿಲ್ಲ; ಶುಕ್ರವಾರವೇ ಹೊಸ ರಿಮೋಟ್ ಬಂತು. ಮತ್ತೆ ಹದಿನೆಂಟು. ಪ್ಯಾಸೇಜಿನಲ್ಲಿ ನಾನು, ಅಣ್ಣ, ಧಗೆ. ಲಕೋಟೆಗೆ ಹಚ್ಚುವ ಅಂಟು ಬಾಟಲಿಯಲ್ಲೇ ಗಟ್ಟಿಯಾಗಿದೆ. ಅಣ್ಣ ರಟ್ಟು ಹಿಡಿದು ನನಗೂ ಗಾಳಿ ಬೀಸುತ್ತಾನೆ, ಬೇಡವೆಂದರೂ ಕೇಳುವುದಿಲ್ಲ. ಮಧ್ಯಾಹ್ನ ತಲೆ ಸುತ್ತಿತು. ಒಂದು ಗಳಿಗೆ... ಬರೆದುಕೊಟ್ಟುಬಿಡಲೇ ಎನ್ನಿಸಿತು. ಕಾಗದವನ್ನೂ ಎಳೆದುಕೊಂಡೆ. ಅದರಲ್ಲೇ ಮುಖಕ್ಕೆ ಗಾಳಿ ಬೀಸಿಕೊಂಡೆ.

ರಾತ್ರಿ ಊಟಕ್ಕೆ ಕೂತಾಗ ನಮ್ಮ ಯಜಮಾನರು: "ಎರಡು ಸಾಲು ಬರ್ಕೊಟ್ರೆ ನಿನ್ನ ಗಂಟೇನು ಹೋಗುತ್ತೆ?"

ಅತ್ತೆ ಸೌಟು ಎತ್ತಿದರು. "ಅವಳ್ಯಾಕೋ ಬರ್ಕೊಡ್ಬೇಕು? ಅಷ್ಟು ಆಸೆ ಇದ್ರೆ ನೀನು ಬರ್ಕೊಡು."

ಅತ್ತೆಯೇ ಒದ್ದೆ ಟವೆಲ್ ಮಡಚಿ ನಾಳೆಯ ಬ್ಯಾಗಿನಲ್ಲಿಟ್ಟಿದ್ದಾರೆ. ನೋಡಿ ಕಣ್ಣು ತುಂಬಿ ಬಂತು.

ಏಪ್ರಿಲ್ 22, ಮಂಗಳವಾರ. ಹನ್ನೆರಡು ಗಂಟೆ.

ಪ್ಯಾಸೇಜಿನಲ್ಲೇ ಕೂತು ಬರೆಯುತ್ತಿದ್ದೇನೆ. ಏನೋ ಆಗಿದೆ. ಈಗಷ್ಟೇ ತುದಿಯ ಪೆಟ್ಟಿಗೆ ಸದ್ದು ತಗ್ಗಿಸಿತು. ಆಮೇಲೆ ಅದರ ಪಕ್ಕದ್ದು. ಆಮೇಲೆ ಎಲ್ಲವೂ. ಮುಖಕ್ಕೆ ಬಡಿಯುತ್ತಿದ್ದ ಝಳ ನಿಂತಿದೆ. ಅಣ್ಣ ರಟ್ಟು ಕೆಳಗಿಟ್ಟು ನನ್ನನ್ನೇ ನೋಡಿದ.

"ಮೇಡಂ... ನೀವಾ?"

"ಬೆಳಗ್ಗೆಯಿಂದ ನಿಮ್ಮೆದುರಿಗೇ ಕೂತಿದ್ದೀನಲ್ಲ ಅಣ್ಣಾ!"

ಒಳಗೆ ಸಾಹೇಬರ ಕೂಗು: "ಇದೂ ಎಲ್ಲಿ ಹೋಯ್ತು ರೀ? ಯಾರ್ರೀ ತಗೊಂಡಿದ್ದು?" ಯಾರೂ ಉಸಿರೆತ್ತುತ್ತಿಲ್ಲ.

ನಾನಲ್ಲ. ಅತ್ತೆಯ ಆಣೆಗೂ ನಾನಲ್ಲ.

ಬಾಗಿಲು ತೆರೆಯಿತು. ಅಕೌಂಟ್ಸ್ ಅಕ್ಕ! ಊಟದ ಡಬ್ಬಿಯನ್ನು ಎದೆಗವುಚಿಕೊಂಡಿದ್ದಾಳೆ. ಇಷ್ಟು ದಿನ ಈ ಕಡೆ ತಿರುಗಿಯೂ ನೋಡದವಳು. "ಡಬ್ಬಿ ತೊಳ್ಯೋಕೆ ಬಂದೆ ಕಣೇ" ಅನ್ನುತ್ತಿದ್ದಾಳೆ. ಊಟದ ಹೊತ್ತಿಗೆ ಇನ್ನೂ ಒಂದು ಗಂಟೆ ಇದೆ. ನಲ್ಲಿ ಇರುವುದು ಆ ಕಡೆ. ಡಬ್ಬಿಯ ಮುಚ್ಚಳ ಸರಿಯಾಗಿ ಕೂತಿಲ್ಲ, ಒಂದು ಬದಿ ಎದ್ದುಕೊಂಡಿದೆ, ಸಂದಿಯಲ್ಲಿ ಬಿಳಿ ಪ್ಲಾಸ್ಟಿಕ್, ಅದರ ಮೇಲೆ ಗುಂಡಿಗಳ ಸಾಲು...

ಬೂಟಿನ ಸದ್ದು. ಇತ್ತಲೇ ಬರುತ್ತಿದೆ. ಅಣ್ಣ ಎದ್ದು ಬಾಗಿಲಿಗೆ ಅಡ್ಡ ನಿಂತ. ಪೆನ್ನು ಕೆಳಗಿಡಬೇಕು, ಟಪಾಲು ಚೀಲದ ಬಾಯಿ ಬಿಚ್ಚ—