ಅಡ್ಡಪಟ್ಟಿಯ ಮರೆ

ಮಾರ್ಚ್ 3, ಬೆಳಿಗ್ಗೆ 11.40

ಹಾಲು ಕುಡಿಸಿದ್ದಾಯಿತು. ಬಟ್ಟೆ ಬದಲಿಸಿದ್ದಾಯಿತು. ಮಿಡತೆ ಮಲಗಿದ್ದಾಳೆ. ಮೊಮ್ಮಗಳಿಗೆ ಆ ಹೆಸರಿಟ್ಟವನು ನಾನೇ. ಮೂರು ತುಂಬಲು ಇನ್ನೂ ಎರಡು ತಿಂಗಳಿದೆ, ಆಗಲೇ ನಿಂತಲ್ಲಿ ನಿಲ್ಲುವ ಪ್ರಾಣಿಯಲ್ಲ.

ಬೆಳಿಗ್ಗೆ ಬಾಲ್ಕನಿಯ ಕಂಬಿಗಳ ನಡುವೆ ತಲೆ ತೂರಿಸಿ ಕೆಳಗಿನ ನಾಯಿಯನ್ನು ಕರೆಯುತ್ತಿದ್ದಳು. ಮೂರನೇ ಮಹಡಿ. ಕಿವಿ ಸಿಕ್ಕಿಕೊಂಡು ತಲೆ ಹಿಂದಕ್ಕೆ ಬರಲಿಲ್ಲ. ಎಣ್ಣೆ ಸವರಿ ಬಿಡಿಸಿದೆ. 

ಇದನ್ನು ಇಲ್ಲಿ ಮಾತ್ರ ಬರೆಯುತ್ತೇನೆ. ಮಿಡತೆ ಬಾಲ್ಕನಿಗೆ ಹೋದಾಗ ನಾನು ಕುರ್ಚಿಯಲ್ಲಿ ನಿದ್ದೆ ಹೋಗಿದ್ದೆ. ಹೊಸ ಬಿ.ಪಿ. ಮಾತ್ರೆ... ನುಂಗಿ ಎರಡು ಗಂಟೆಯಾದರೆ ತಲೆ ಕಲ್ಲಾಗುತ್ತದೆ. ಎಷ್ಟು ಹೊತ್ತು ಮಲಗಿದ್ದೆ? ಐದು ನಿಮಿಷ ಇರಬಹುದು. ಇಪ್ಪತ್ತೂ ಇರಬಹುದು.

ಅದೇ ದಿನ, ಸಂಜೆ

ಮಗಳು ಆಸ್ಪತ್ರೆಯ ಲ್ಯಾಬ್ ಕೆಲಸ ಮುಗಿಸಿ ನಾಲ್ಕಕ್ಕೆ ಬಂದಳು. ಬಂದವಳ ಕಣ್ಣು ನೇರ ಮಗುವಿನ ಕೆಂಪು ಕಿವಿಗೆ. ತಲೆ ಸಿಕ್ಕಿಕೊಂಡದ್ದನ್ನು ಹೇಳಿದೆ. ನಿದ್ದೆಯ ವಿಷಯ ನುಂಗಿಕೊಂಡೆ.

ಫ್ರಿಜ್ಜಿನ ಬಾಗಿಲಿಗೆ ಡೇ ಕೇರಿನ ಫಾರಂ ಅಂಟಿಸಿ ತಿಂಗಳಾಯಿತು. ಅದರ ಕಡೆ ನೋಡದೆ ಕೇಳಿದಳು: “ಅಪ್ಪಾ, ನಿಂಗೆ ಕಷ್ಟ ಆಗ್ತಿದ್ರೆ ಹೇಳು. ಸೋಮವಾರದಿಂದಲೇ ಸೇರಿಸ್ತೀನಿ.”

ಕಷ್ಟವೇನು ಬಂತು, ಬಾಲ್ಕನಿಗೊಂದು ಮರೆ ಕಟ್ಟಿದರೆ ಮುಗಿಯಿತು ಎಂದೆ.  ಹೆಂಡತಿ ತೀರಿಕೊಂಡ ಮೇಲೆ ಎರಡು ವರ್ಷ ಗೋಡೆ ನೋಡಿಕೊಂಡು ಕೂತವನು ನಾನು. ಮಿಡತೆ ಇಲ್ಲದ ಹಗಲು ಅಂದರೆ ಮತ್ತೆ ಅದೇ ಗೋಡೆ.

ಮಾರ್ಚ್ 5

ಮಗುವನ್ನು ಹೆಗಲ ಮೇಲೆ ಕೂರಿಸಿಕೊಂಡು ಹಾರ್ಡ್‌ವೇರ್ ಅಂಗಡಿಗೆ ಹೋಗಿದ್ದೆ. ಯಂತ್ರಗಳು ಬಂದ ಪೆಟ್ಟಿಗೆಗಳನ್ನು ಒಡೆದು ತೆಗೆದ ಮರದ ಪಟ್ಟಿಗಳು ಸಿಕ್ಕವು. ನಾಲ್ಕಿಂಚು ಅಗಲ, ನೇರವಾಗಿವೆ. ಜೊತೆಗೆ ಸ್ಕ್ರೂ, ಅಂಟು, ಸ್ಯಾಂಡ್ ಪೇಪರ್.

ಅಂಗಡಿಯವನು ಪುಕ್ಕಟೆ ಬುದ್ಧಿ ಹೇಳಿದ: “ಅಡ್ಡ ಹೊಡೀಬೇಡಿ ಸಾರ್, ಉದ್ದಕ್ಕೆ ನಿಲ್ಲಿಸಿ. ಅಡ್ಡ ಹಾಕಿದ್ರೆ ನೀರು ನಿಂತು ಕೊಳೆಯತ್ತೆ.” ನಕ್ಕೆ. ಮೂವತ್ತೆರಡು ವರ್ಷ ಲೈಬ್ರರಿಯಲ್ಲಿ ರ್‍ಯಾಕು ಜೋಡಿಸಿದ ಕೈ ಇದು. ಹಲಗೆ ಅಂದರೆ ಅಡ್ಡ ಮಲಗಬೇಕು. ನನಗೇ ಪಾಠ!

ಮಾರ್ಚ್ 8

ಮುಗಿಯಿತು. ಐದೂವರೆ ಅಡಿ ಎತ್ತರ, ಹನ್ನೊಂದು ಅಡ್ಡಪಟ್ಟಿ, ನಡುವೆ ಮೂರು ಬೆರಳಿನ ಸಂದು. ಅಂಟಿನ ಮೇಲೆ ಸ್ಕ್ರೂ. ಇಡೀ ಮರೆಯನ್ನು ಕಂಬಿಗಳಿಗೆ ತಂತಿಯಿಂದ ಬಿಗಿದೆ. ಆನೆ ಬಂದು ಒರಗಿದರೂ ಅಲ್ಲಾಡದು. ಎದುರು ಕಟ್ಟಡದವರ ಕಣ್ಣೂ ತಪ್ಪಿತು.

ಕೊನೆಯ ಪಟ್ಟಿಗೆ ಮೇಲಿನಿಂದ ಒತ್ತಿ ಸ್ಕ್ರೂ ಹಾಕಬೇಕಿತ್ತು. ಸ್ಟೂಲ್ ತರಲಿಲ್ಲ. ಲೈಬ್ರರಿಯಲ್ಲಿ ಸ್ಟೂಲ್ ಹುಡುಕುವವರು ಓದುಗರು. ನಾವು ಕೆಳಗಿನ ಹಲಗೆಗೆ ಕಾಲ ತುದಿ ಕೊಟ್ಟು, ಸೊಂಟ ತಿರುಗಿಸಿ, ಮೇಲಿನ ಪುಸ್ತಕ ಎಳೆಯುವವರು. ಹಾಗೇ ಹತ್ತಿದೆ. ಕುಳ್ಳ ಮುದುಕನ ಸರ್ಕಸ್ ನೋಡಿ ಮಿಡತೆ ಚಪ್ಪಾಳೆ ತಟ್ಟಿದಳು. “ತಾತ, ಇನ್ನೊಂದ್ಸಲ” ಅಂದಳು. ಇನ್ನೊಂದು ಸಲ ಹತ್ತಿದೆ. ಮತ್ತೂ ಒಂದು ಸಲ.

ಸಂಜೆ ಮಗಳು ಭುಜ ಕೊಟ್ಟು ನೂಕಿ ನೋಡಿದಳು. ಒಳಗೆ ಹೋಗಿ ಫಾರಂ ತೆಗೆದು ಡ್ರಾಯರಿಗೆ ಹಾಕಿದಳು. ಗೆದ್ದೆ.

ಮಾರ್ಚ್ 9

ಮಿಡತೆಯೂ ನಾನೂ ಬಾಲ್ಕನಿಯಲ್ಲಿ ಕೂತೆವು. ಸಂದುಗಳಿಂದ ಗಾಳಿ. ಅವಳ ಮೈಮೇಲೆ ಬಿಸಿಲಿನ ಗೆರೆಗಳು. ನಿದ್ದೆ ಬಂತು. ಹೆದರಿಕೆಯಾಗಲಿಲ್ಲ.

ಮಾರ್ಚ್ 17, ಮಧ್ಯಾಹ್ನ

ಮರೆಯ ಧೂಳು ಒರೆಸುತ್ತಿದ್ದೆ. ಎರಡನೇ ಪಟ್ಟಿಯ ಅಂಚಿನ ಮೇಲೆ ಮಣ್ಣಿನ ಚುಕ್ಕಿಗಳು. ಹೂಕುಂಡದ ಒದ್ದೆ ಮಣ್ಣು. ಒಂದು ದೊಡ್ಡದು, ಪಕ್ಕದಲ್ಲಿ ನಾಲ್ಕು ಸಣ್ಣವು. ಕೈಬೆರಳು ಒರೆಸಿದ್ದಾಳೆ ಅಂದುಕೊಂಡೆ. ಕೈಬೆರಳು ಅಷ್ಟು ಗುಂಡಗಿರುವುದಿಲ್ಲ.

ನಾಲ್ಕನೆಯದರ ಮೇಲೂ ಇವೆ. ಆರನೆಯದರ ಮೇಲೂ... ಅದರಿಂದ ಮೇಲಕ್ಕೆ ನೋಡಲಿಲ್ಲ. ಎಲ್ಲವನ್ನೂ ಒರೆಸಿಬಿಟ್ಟೆ. ಯಾಕೆ ಒರೆಸಿದೆ?

ಮಾರ್ಚ್ 18, ಬೆಳಿಗ್ಗೆ 10.15

ಪರೀಕ್ಷೆ ಮಾಡಿದೆ. ಮಾತ್ರೆ ನುಂಗಲಿಲ್ಲ. ಬಾಲ್ಕನಿಯ ಕುರ್ಚಿಯಲ್ಲಿ ಕಣ್ಣು ಮುಚ್ಚಿದಂತೆ ಮಾಡಿ ರೆಪ್ಪೆಯ ಸಂದಿಯಿಂದ ನೋಡುತ್ತಿದ್ದೆ.

ಅವಳು ಮೊದಲು ನನ್ನ ಹತ್ತಿರ ಬಂದಳು. ಮೂಗಿನ ಹತ್ತಿರ ಮುಖ ತಂದು ನೋಡಿದಳು. “ತಾತ ಜೋ” ಎಂದು ತನಗೇ ಹೇಳಿಕೊಂಡಳು. ಆಮೇಲೆ ಮರೆಯ ಕಡೆ ಹೋದಳು. ಎಡಗಾಲಿನ ತುದಿ ಸಂದಿಗೆ, ಬಲಗೈ ಮೇಲಕ್ಕೆ, ಸೊಂಟ ಒಂದು ಪಕ್ಕಕ್ಕೆ. ಥೇಟ್ ನಾನೇ.

ಮೂರನೇ ಪಟ್ಟಿಗೆ ಹೋದಾಗ ಎತ್ತಿಕೊಂಡೆ.  ನೆಟ್ಟಗಿನ ಕಂಬಿಯನ್ನು ಅವಳು ಎಂದೂ ಹತ್ತಲಾರಳು. ಏಣಿ ಕಟ್ಟಿದವನು ನಾನು. ಹತ್ತುವುದನ್ನು ಕಲಿಸಿದವನೂ ನಾನು. ಮತ್ತು ಅವಳು ನನ್ನ ನಿದ್ದೆಗಾಗಿ ಕಾಯುತ್ತಾಳೆ.

ಅದೇ ದಿನ, ಸಂಜೆ

ಹೇಳಲಿಲ್ಲ. ಮಗಳಿಗೆ ಹೇಳಿದರೆ ನಿದ್ದೆಯ ವಿಷಯವೂ ಬರುತ್ತದೆ. ಅವಳು ಬಟ್ಟೆ ಮಡಿಸುತ್ತ ಲ್ಯಾಬಿನ ಮೇಲಿನವರನ್ನು ಬೈದುಕೊಳ್ಳುತ್ತಿದ್ದಳು. ನಾನು ಹೂಂ ಹೂಂ ಅನ್ನುತ್ತಿದ್ದೆ.

ಭಾನುವಾರ ಎಲ್ಲವನ್ನೂ ಬಿಚ್ಚಿ ಉದ್ದುದ್ದ ನಿಲ್ಲಿಸುತ್ತೇನೆ. ಅಂಟು ಬೇರೆ ಹಾಕಿದ್ದೇನೆ, ಸೀಳಬೇಕಾಗುತ್ತದೆ. ಅಲ್ಲಿಯವರೆಗೆ ಬಾಲ್ಕನಿ ಬಾಗಿಲಿಗೆ ಮೇಲಿನ ಚಿಲಕ. ಎರಡೇ ದಿನದ ಮಾತು.

ಮಾರ್ಚ್ 20, ಮಧ್ಯಾಹ್ನ 2.50

ಮಗು ಚೆನ್ನಾಗಿದೆ. ಮೊದಲು ಇದನ್ನು ಬರೆಯುತ್ತೇನೆ. ಚೆನ್ನಾಗಿದೆ, ಮಲಗಿದೆ. ನನ್ನ ಎಡಗೈ ಅದರ ಪಾದದ ಮೇಲಿದೆ.

ಬಾಲ್ಕನಿಯಿಂದ ಒಣಗಿದ ಬಟ್ಟೆ ಎರಡೂ ಕೈ ತುಂಬ ತಂದೆ. ಬಾಗಿಲನ್ನು ಕಾಲಿನಿಂದ ತಳ್ಳಿದೆ. ಬಟ್ಟೆ ಇಟ್ಟು ಬಂದು ಚಿಲಕ ಹಾಕೋಣ ಅಂದುಕೊಂಡು, ಒಂದು ನಿಮಿಷ ಕೂತೆ.

“ತಾತ” ಎಂದು ಕೇಳಿ ಎಚ್ಚರವಾಯಿತು. ದನಿ ಎತ್ತರದಿಂದ ಬಂತು. ಅವಳ ದನಿ ಯಾವಾಗಲೂ ನನ್ನ ಮೊಣಕಾಲಿನ ಹತ್ತಿರದಿಂದ ಬರುವಂಥದ್ದು. ಹೊರಗೆ ನೋಡಿದೆ. ಕೊನೆಯ ಪಟ್ಟಿಯ ಮೇಲೆ ಹೊಟ್ಟೆ. ಒಂದು ಕಾಲು ಆಚೆಗೆ. ಕೆಳಗಿನ ನಾಯಿಯನ್ನು ನನಗೆ ಬೆರಳು ಮಾಡಿ ತೋರಿಸುತ್ತಿದ್ದಾಳೆ. ಹಿಡಿದಿರುವುದು ಒಂದೇ ಕೈ.

ಕೂಗಲಿಲ್ಲ. ಕೂಗಿದರೆ ತಿರುಗುತ್ತಾಳೆ. “ಎಲ್ಲಿ ನಾಯಿ, ತೋರಿಸು” ಎನ್ನುತ್ತ ನಡೆದೆ. ಎಂಟು ಹೆಜ್ಜೆ. ಏಳನೆಯದಕ್ಕೆ ಹೊಟ್ಟೆ ಜಾರಿತು. ಫ್ರಾಕಿನ ಬೆನ್ನು ಕೈಗೆ ಸಿಕ್ಕಿತು, ಗುಂಡಿ ಕಿತ್ತು ಬಂತು, ಆಮೇಲೆ ಸೊಂಟ ಸಿಕ್ಕಿತು. ಅವಳು ನಗುತ್ತಿದ್ದಳು. ಇನ್ನೊಂದ್ಸಲ ಅಂದಳು.

ನೆಲದ ಮೇಲೆ ಕೂತು ಅತ್ತೆ. ಅವಳೂ ಅತ್ತಳು, ನನ್ನನ್ನು ನೋಡಿ.

3.30

ಗುಂಡಿ ಮೇಜಿನ ಮೇಲಿದೆ. ಸೂಜಿದಾರ ಡಬ್ಬಿಯಲ್ಲಿದೆ. ಐದು ನಿಮಿಷದ ಕೆಲಸ. ಈ ಸಲ ಕಿವಿ ಕೆಂಪಾಗಿಲ್ಲ. ಎದುರಿನವರು ಯಾರೂ ನೋಡಿಲ್ಲ, ಅದಕ್ಕೂ ಮರೆ ಕಟ್ಟಿದ್ದೇನೆ.

ಸೂಜಿಗೆ ದಾರ ಪೋಣಿಸಿದೆ. ಮತ್ತೆ ಅದನ್ನು ಎಳೆದು ತೆಗೆದೆ.

3.50

ಡ್ರಾಯರಿನಿಂದ ಫಾರಂ ತೆಗೆದು ಫ್ರಿಜ್ಜಿಗೆ ಅಂಟಿಸಿದ್ದೇನೆ. ಗುಂಡಿಯನ್ನು ಅದರ ಹತ್ತಿರವೇ ಇಟ್ಟಿದ್ದೇನೆ. ಬಾಯಿಬಿಟ್ಟು ಹೇಳುವುದನ್ನು ಮೂರು ಸಲ ಅಭ್ಯಾಸ ಮಾಡಿದೆ. ಮೂರು ಸಲವೂ ನಿದ್ದೆಯ ಜಾಗ ಬಂದಾಗ ಬೇರೇನೋ ಹೇಳಿದೆ. ಎಂಥ ಸುಳ್ಳ ನಾನು! ಅದಕ್ಕೇ ಈ ಪುಸ್ತಕವನ್ನೇ ಮಗಳ ಕೈಗೆ ಕೊಟ್ಟುಬಿಡುತ್ತೇನೆ. ಲಿಫ್ಟ್ ಬಂತು. ಅವಳದೇ ಚಪ್ಪಲಿ ಸದ್ದು.

ಮಗಳೇ, ಮೂರನೇ ತಾರೀಖಿನಿಂದ ಓದು. ಬಾಲ್ಕನಿಯ ಚಿಲಕ ಹಾಕಿದ್ದೇನೆ, ಆದರೂ ಇನ್ನೊಮ್ಮೆ ನೀನೇ ನೋಡು, ನನ್ನ ಮಾತು ನಂಬಬೇಡ. ಬೈಯುವುದಾದರೆ ಮೆಲ್ಲಗೆ ಬೈ, ಮಗು ಮಲಗಿ...