ತೂಕದ ಪುಸ್ತಕ ಸಮೇತ ಹಾಜರಾಗುವ ಮುನ್ನ

ಅಕ್ರಮ ವಲಸಿಗರ ಪತ್ತೆ ಕಾರ್ಯದ ಮಾನ್ಯ ಅಧಿಕಾರಿಗಳೇ,

ನನಗೆ ಹೆದರಿಕೆಯಾಗಿದೆ. ಮೊದಲೇ ಹೇಳಿಬಿಡುತ್ತೇನೆ, ಏಕೆಂದರೆ ನಿಮ್ಮ ನೋಟೀಸು ಓದಿದ ಮೇಲೆ ಧೈರ್ಯದ ನಾಟಕವಾಡುವ ತ್ರಾಣ ನನ್ನಲ್ಲಿ ಉಳಿದಿಲ್ಲ. ಸೋಮವಾರ ಅಂಗನವಾಡಿಯ ಮಕ್ಕಳ ತೂಕ ಬರೆಯುವ ಪುಸ್ತಕ ಸಮೇತ ನಿಮ್ಮ ಕಚೇರಿಗೆ ಬರಬೇಕಂತೆ. ವಲಸಿಗರನ್ನು ಸಾಗಿಸುವ ‘ಜಾಲ’ದಲ್ಲಿ ನಾನೂ ಒಬ್ಬಳಂತೆ.

ಜಾಲ! ಎಂಥ ದೊಡ್ಡ ಪದವಿ ಕೊಟ್ಟಿರಿ! ನಡೆದದ್ದು ಇಷ್ಟು. ಕಳೆದ ತಿಂಗಳು ಶಿರ್ತಾಡಿ ಕಡೆಯ ಬಸ್ಸಿನಿಂದ ಗಂಡ, ಹೆಂಡತಿ ಮತ್ತು ಎರಡು ವರ್ಷದ ಹೆಣ್ಣುಮಗು ಇಳಿದರು. ಕಲ್ಲಿನ ಕೋರೆಯಲ್ಲಿ ಅವರನ್ನು ಎರಡು ವರ್ಷ ದುಡಿಸಿಕೊಂಡ ಗುತ್ತಿಗೆದಾರ, ತಪಾಸಣೆಯ ಸುದ್ದಿ ಕೇಳಿದ್ದೇ ತಡ, ರಸ್ತೆಗೆ ಬಿಟ್ಟಿದ್ದ. ಕೈಯಲ್ಲಿ ಒಂದು ಕಾಗದವಿಲ್ಲ. ಯಾವ ದೇಶವೆಂದು ಕೇಳಿದರೆ ಕೋರೆಯ ಹೆಸರು ಹೇಳಿದರು. ಶಿರ್ತಾಡಿಯಲ್ಲಿ ಯಾರೋ ಊಟ ಕೊಟ್ಟು ಬಸ್ಸು ಹತ್ತಿಸಿದ್ದರು. ಇಲ್ಲಿ ನಮ್ಮ ಸಹಾಯಕಿ ಕಾಂತಿ ಗಂಜಿ ಬೇಯಿಸಿದಳು. ಈ ಪತ್ರದಲ್ಲಿ ತನ್ನ ಹೆಸರನ್ನೂ ಬರೆಯಬೇಕೆಂದು ಅವಳದೇ ಹಟ. ಎರಡು ದಿನ ಅಂಗನವಾಡಿಯಲ್ಲಿ ಮಲಗಿದರು. ಮುಂದಿನ ಊರಿನವರಿಗೆ ನಾನು ಹೇಳಿ ಕಳಿಸಿದೆ, ನಿಝಾಮುದ್ದೀನನ ರಿಕ್ಷಾ ಕರೆಸಿ ಬಸ್‌ಸ್ಟ್ಯಾಂಡಿಗೆ ಬಿಡಿಸಿದೆ. ಇದೇ ಜಾಲ. ಆ ಗುತ್ತಿಗೆದಾರನಿಗೆ ನೋಟೀಸು ಹೋಗಿದೆಯೇ, ಮಾನ್ಯರೇ?

ರಿಕ್ಷಾ ಕರೆದವಳು ನಾನು, ಒಂದು ಹಗಲಿಡೀ ನೀವು ಬೆಂಚಿನ ಮೇಲೆ ಕೂರಿಸಿದ್ದು ನಿಝಾಮುದ್ದೀನನನ್ನು. ಅವನ ರಿಕ್ಷಾ ಈಗಲೂ ನಿಮ್ಮ ಅಂಗಳದಲ್ಲಿದೆ. “ಟೀಚರೇ, ನಿಮ್ಮ ಹೆಸರು ನಾನು ಹೇಳ್ಲಿಲ್ಲ. ನೀವು ಹೆದ್ರಬೇಡಿ” ಎಂದ, ನೀವು ಬಿಟ್ಟ ಮೇಲೆ ನನ್ನಲ್ಲಿಗೆ ಬಂದು. ನಾಚಿಕೆಯಿಂದ ಅವನ ಮುಖ ನೋಡಲಾಗಲಿಲ್ಲ.

ಇನ್ನು ನನ್ನ ತಪ್ಪು. ಮಗುವನ್ನು ತೂಗಿದೆ. ಏಳು ಕಿಲೋ ಇನ್ನೂರು ಗ್ರಾಂ. ನಮ್ಮ ಪಟ್ಟಿಯಲ್ಲಿ ಅದು ಕೆಂಪು ಗೆರೆಯ ಕೆಳಗೆ, ಅಂದರೆ ತೀವ್ರ ಅಪೌಷ್ಟಿಕತೆ. ಕೈ ಸುಮ್ಮನಿರಲಿಲ್ಲ, ಪುಸ್ತಕದಲ್ಲಿ ಬರೆದೆ. ಮಗು ಊರು ಬಿಡುವುದಾದರೆ ಮುಂದಿನ ತಿಂಗಳು ತೂಗಬೇಕಾದ ಕೇಂದ್ರದ ಹೆಸರನ್ನು ಎದುರಿಗೆ ಬರೆಯುವುದು ನನ್ನ ರೂಢಿ. ಅಯ್ಯೋ, ಅದನ್ನೂ ಬರೆದೆ! ಅವರು ಎಲ್ಲಿದ್ದಾರೆಂದು ನಿಝಾಮುದ್ದೀನನಿಗೂ ಗೊತ್ತಿಲ್ಲ, ಕಾಂತಿಗೂ ಗೊತ್ತಿಲ್ಲ. ಈ ಊರಿನಲ್ಲಿ ಗೊತ್ತಿರುವುದು ನನಗೆ ಮತ್ತು ಆ ಪುಸ್ತಕಕ್ಕೆ. ಒಂದು ಮಗುವನ್ನೂ ತೂಗದೆ ಬಿಡಬೇಡಿ ಎಂದು ಇಪ್ಪತ್ತೆರಡು ವರ್ಷ ನನಗೆ ಹೇಳಿಕೊಟ್ಟದ್ದು ಇದೇ ಸರಕಾರವಲ್ಲವೇ?

“ಆ ಹಾಳೆ ಹರಿದು ಒಲೆಗೆ ಹಾಕುವ, ಟೀಚರೇ, ಯಾರಿಗೆ ಗೊತ್ತಾಗ್ತದೆ?” ಎಂದಳು ಕಾಂತಿ. ಹಾಳೆಯ ಹಿಂಬದಿಯಲ್ಲಿ ಊರಿನ ಒಂಬತ್ತು ಮಕ್ಕಳ ತೂಕ ಉಂಟು. ಹರಿಯಲು ಮನಸ್ಸು ಬರಲಿಲ್ಲ. ಆ ಕೇಂದ್ರದ ಹೆಸರಿನ ಮೇಲೆ ಮಾತ್ರ ದಪ್ಪಗೆ ಶಾಯಿ ಬಳಿದಿದ್ದೇನೆ. ಒಪ್ಪಿಕೊಂಡಿದ್ದೇನೆ, ಬರೆದುಕೊಳ್ಳಿ. ಈ ತಿಂಗಳು ಮಗುವಿನ ತೂಕ ಏರಿತೇ ಎಂದು ವಿಚಾರಿಸಲೂ ಈಗ ನನಗೆ ಹೆದರಿಕೆ.

ಇನ್ನು ಆ ಹೆಸರು ಇರುವುದು ನನ್ನ ತಲೆಯಲ್ಲಿ ಮಾತ್ರ. ನನ್ನ ದೊಡ್ಡ ಭಯವೇ ಅದು. ನಾನು ಗಟ್ಟಿಗಿತ್ತಿಯಲ್ಲ. ಜೀಪಿನ ಸದ್ದು ಕೇಳಿದರೆ ಬಾಗಿಲ ಚಿಲಕ ಹಾಕಿಕೊಳ್ಳುತ್ತೇನೆ. ನೀವು ಬಾಗಿಲು ಹಾಕಿ ಗದರಿಸಿದರೆ ಬಾಯಿ ಬಿಟ್ಟುಬಿಡುತ್ತೇನೇನೋ. ಆದ್ದರಿಂದಲೇ ಈ ಪತ್ರವನ್ನು ಎಲ್ಲರೂ ಓದುವ ಹಾಗೆ ಬರೆಯುತ್ತಿದ್ದೇನೆ. ನಿಝಾಮುದ್ದೀನನ ರಿಕ್ಷಾ ಬಿಟ್ಟುಕೊಡಿ. ಸೋಮವಾರ ನೀವೇ ನಮ್ಮ ಅಂಗನವಾಡಿಗೆ ಬನ್ನಿ. ಬಾಗಿಲು ತೆರೆದಿಟ್ಟು, ಮಕ್ಕಳ ತಾಯಂದಿರ ಎದುರು ನನ್ನನ್ನು ವಿಚಾರಿಸಿ. ಅವರು ನೋಡುತ್ತಿದ್ದರೆ ಬಾಯಿ ಮುಚ್ಚಿ ಕೂರುವಷ್ಟು ಧೈರ್ಯ ನನಗೂ ಬಂದೀತು.

ಇಂತಿ,
ಹೆದರಿಕೊಂಡೇ ಸಹಿ ಹಾಕುತ್ತಿರುವ
ಶಶಿಪ್ರಭಾ
ಅಂಗನವಾಡಿ ಕಾರ್ಯಕರ್ತೆ, ಸಿದ್ಧಕಟ್ಟೆ ಸಮೀಪ